ಊರ ಕೆರೆಯಂತಹ ತಂತ್ರಾಂಶ

ಬೆಂಗಳೂರಿನಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಬದಿಯಲ್ಲಿ ಅಲ್ಲಾಳಸಂದ್ರವಿದೆ. ‘ಸಂದ್ರ’ ಎಂಬುದು ‘ಸಮುದ್ರ’ದಿಂದ ಬಂದ ರೂಪ, ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ಅಲ್ಲಿಯ ಕೆರೆ ಇಂದಿಗೂ ಉಳಿದಿದೆ. ಹಳೆಯ ಮೈಸೂರು ಸೀಮೆಯಲ್ಲಿ ಇಂತಹ ಕೆರೆಗಳ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ಹೊಣೆ ನೀರುಗಂಟಿಯದಾಗಿತ್ತು. ಹೂಳೆತ್ತುವ ಹೊಣೆ ಊರವರದಾಗಿತ್ತು.

ಇಂದು ಈ ಭಾಗದಲ್ಲಿ ನೆಲೆಸಿರುವ ಎಂಜಿನಿಯರುಗಳಲ್ಲಿ ಹಲವರದು ನೀರುಗಂಟಿಯ ಕೆಲಸವೇ ಎನ್ನಬಹುದು. ಅವರು ‘ಕ್ಲೌಡ್’ ಎನ್ನುವುದು ಆಕಾಶದಲ್ಲಿ ತೇಲುವ ವಸ್ತುವಲ್ಲ. ಎಲ್ಲೋ ಒಂದು ಕಟ್ಟಡದಲ್ಲಿ ಸಾಲುಗಟ್ಟಿ ನಿಂತ ಸಾವಿರಾರು ಕಂಪ್ಯೂಟರುಗಳು. ಒಂದು ಯಂತ್ರವನ್ನು ಹತ್ತಾರಾಗಿ ವಿಭಾಗಿಸಿ, ಯಾರಿಗೆ ಎಷ್ಟು ಪಾಲು, ಯಾವ ಜಾಲಕ್ಕೆ ಯಾವ ದಾರಿ ಎಂಬುದನ್ನು ಒಂದು ತಂತಿಯನ್ನೂ ಕದಲಿಸದೆ ನಿರ್ಧರಿಸುವ ತಂತ್ರಾಂಶವೇ ಅದರ ತೂಬು. 2010ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪನಿಯೂ ಕೂಡಿ ‘ಓಪನ್‌ಸ್ಟ್ಯಾಕ್’ ಎಂಬ ಇಂತಹ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟವು. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರಲ್ಲಿ ಜಾಲಗಳನ್ನು ನಿರ್ವಹಿಸುವ ಭಾಗಕ್ಕೆ ‘ನ್ಯೂಟ್ರಾನ್’ ಎಂದು ಹೆಸರು.

ಪುಕ್ಕಟೆಯಾಗಿ ದೊರೆಯುವುದೇ ಮುಕ್ತ ತಂತ್ರಾಂಶದ ಹಿರಿಮೆಯೆಂದು ಬಗೆಯುವವರುಂಟು. ಅದು ಸರಿಯಲ್ಲ. ಕ್ಲೌಡ್ ವ್ಯವಸ್ಥೆಯನ್ನು ಕಟ್ಟಿ ನಡೆಸಲು ನೆರವಾಗುವ ‘ಟೆರಾಫಾರ್ಮ್’ 2014ರಿಂದ ಮುಕ್ತವಾಗಿತ್ತು. 2023ರ ಆಗಸ್ಟ್ ತಿಂಗಳಲ್ಲಿ ಅದರ ಒಡೆತನದ ಹ್ಯಾಷಿಕಾರ್ಪ್ ಕಂಪನಿಯು ಮುಂದಿನ ಆವೃತ್ತಿಗಳಿಗೆ ನಿರ್ಬಂಧಗಳುಳ್ಳ ಪರವಾನಗಿಯನ್ನು ವಿಧಿಸಿತು. ತನ್ನ ದುಡಿಮೆಯ ಫಲವನ್ನು ಇತರರು ಏನನ್ನೂ ಹಿಂದಿರುಗಿಸದೆ ಮಾರಿಕೊಳ್ಳುತ್ತಿದ್ದಾರೆಂಬುದು ಅದರ ಆಕ್ಷೇಪ; ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅದುವರೆಗಿನ ಮೂಲಸಂಕೇತ ಎಲ್ಲರ ಕೈಯಲ್ಲಿತ್ತು. ಬಳಸುತ್ತಿದ್ದವರು ಅದನ್ನು ‘ಓಪನ್‌ಟೋಫು’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮರುತಿಂಗಳೇ ಲಿನಕ್ಸ್ ಫೌಂಡೇಶನ್ ಅದಕ್ಕೆ ಆಶ್ರಯ ನೀಡಿತು. ಪರವಾನಗಿ ಕೊಟ್ಟ ಹಕ್ಕನ್ನು ಚಲಾಯಿಸಬಲ್ಲವರು ಇದ್ದುದರಿಂದ ಇದು ಸಾಧ್ಯವಾಯಿತು.

ನಮ್ಮಲ್ಲಿ ಕೊರತೆಯಿರುವುದು ಇಲ್ಲಿಯೇ. ಭಾರತ ಸರ್ಕಾರವು 2015ರಲ್ಲಿ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ನೀತಿ ಒಳ್ಳೆಯದೇ. ಆದರೆ ತಂತ್ರಾಂಶವನ್ನು ತಂದಿರಿಸಿಕೊಂಡು, ತೊಡಕು ಬಂದಾಗಲೆಲ್ಲ ಹೊರಗಿನವರಿಗೆ ಹೇಳಿಕಳುಹಿಸುವ ಕಚೇರಿಗೆ ಅದು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ತನ್ನವರೇ ಆದ ಇಬ್ಬರು ಮೂವರು ಬಲ್ಲವರನ್ನು ಅದರ ದುರಸ್ತಿಗೆಂದೇ ಇರಿಸಿಕೊಳ್ಳಬೇಕು. ಎಂಜಿನಿಯರಿಂಗ್ ಕಾಲೇಜುಗಳು ಸಹ ಅಂತಿಮ ವರ್ಷದಲ್ಲಿ ತೋರಿಕೆಯ ಪ್ರಾಜೆಕ್ಟ್ ಬರೆಸುವುದನ್ನು ಬಿಟ್ಟು, ನ್ಯೂಟ್ರಾನಿನಲ್ಲಿ ದಾಖಲಾಗಿರುವ ಒಂದು ದೋಷವನ್ನು ವಿದ್ಯಾರ್ಥಿಯಿಂದ ತಿದ್ದಿಸಬಹುದು. ಅಂತಹ ತಿದ್ದುಪಡಿಯನ್ನು ಬಲ್ಲವರು ಸಾಲುಸಾಲಾಗಿ ಪರಿಶೀಲಿಸಿ, ಸರಿಯಿದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಅವರಿಗಿಂತ ಕಟ್ಟುನಿಟ್ಟಾದ ಪರೀಕ್ಷಕರು ವಿದ್ಯಾರ್ಥಿಗೆ ದೊರೆಯುವುದು ಕಷ್ಟ.