ದೊಡ್ಡ ಮಷಿನ್ ಬೇಡ, ಹರಿತ ಚೈನ್ ಸಾಕು

ಅರಕೇರಾ, ದೇವದುರ್ಗ, ಸಿರವಾರ ಕಡೆ ಈಗ ಮರ ಕೊಯ್ಯುವ ಪೆಟ್ರೋಲ್ ಮಷಿನ್ ಹಳ್ಳಿ ಹಳ್ಳಿಗೂ ಬಂದಾವ. ಕೊಡಲಿ ಹಿಡಿಯುವ ಆಳು ಸಿಗದ ಕಾಲಕ್ಕೆ ಇದು ಬೇಕಾದ ಸಾಮಾನೇ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಎರಡನೇ ವರ್ಷ ಏಳುವ ಮಾತಿನ ಬಗ್ಗೆ. "ಮೊದಲಿನಂಗ ಕೊಯ್ಯವಲ್ದು, ಇದಕ್ಕ ಜೋರು ಸಾಲಂಗಿಲ್ಲ" ಅಂತಾರ. ಆಮೇಲೆ ಕೆಲವರು ಗ್ಯಾರೇಜಿಗೆ ಒಯ್ದು ಸೈಲೆನ್ಸರ್ ಕೊರೆಸಿ, ಉದ್ದ ಪಟ್ಟಿ ಹಾಕಿಸುತ್ತಾರೆ. ಕೆಲವರು ಇದ್ದದ್ದನ್ನು ಅರ್ಧ ರೇಟಿಗೆ ಮಾರಿ, ಸಾಲ ಮಾಡಿ ದೊಡ್ಡದು ತರುತ್ತಾರೆ.

ಐದಾರು ಎಕರೆ ಒಣಬೇಸಾಯದ ರೈತನಿಗೆ ಈ ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಮರ ಅಳೆಯಿರಿ

ನಮ್ಮ ಕಡೆ ಮಷಿನ್ನಿಗೆ ಮುಖ್ಯ ಕೆಲಸ ಅಂದರೆ ಬಳ್ಳಾರಿ ಜಾಲಿ. ಇದು ನಮ್ಮ ನೆಲದ ಗಿಡವಲ್ಲ. 1877ರ ಸುಮಾರಿಗೆ ಹೊರದೇಶದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರಂತೆ. ಉರುವಲಿಗಾಗಿ ಬಂದದ್ದು ಈಗ ಹಳ್ಳ, ಒಡ್ಡು, ಬೀಳು ಹೊಲ ಎಲ್ಲಾ ಹಿಡಿದಿದೆ. ಇದು ಒಂದೇ ಕಾಂಡದ ಮರವಾಗಿ ಬೆಳೆಯುವುದು ಕಡಿಮೆ. ಬುಡದಿಂದಲೇ ನಾಲ್ಕಾರು ಕಾಂಡ ಏಳುತ್ತವೆ. ಒಂದೊಂದು ಕಾಂಡ ತೊಡೆಗಾತ್ರ ಆದರೆ ಹೆಚ್ಚು.

ಎಷ್ಟು ದಪ್ಪ ಅಂತ ತಿಳಿಯಲು ಕಾಂಡಕ್ಕೆ ಹಗ್ಗ ಸುತ್ತಿ ಅಳೆಯಿರಿ. ಬಂದ ಅಳತೆಯನ್ನು ಮೂರರಿಂದ ಭಾಗಿಸಿದರೆ ಅಡ್ಡಳತೆ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 4 ಅಡಿ ಇದ್ದರೆ ದಪ್ಪ 15-16 ಇಂಚು. 18 ಇಂಚು ಪಟ್ಟಿಯ ಮಷಿನ್ ಅದನ್ನು ಒಂದೇ ಕಡೆಯಿಂದ ಕೊಯ್ಯುತ್ತದೆ. ಸುತ್ತಳತೆ 6 ಅಡಿ ಇದ್ದರೆ ದಪ್ಪ 23-24 ಇಂಚು. ಅದನ್ನೂ ಎರಡು ಕಡೆಯಿಂದ ಕೊಯ್ದರೆ ಇದೇ ಪಟ್ಟಿ ಸಾಕು. ಬಿದ್ದ ದಿಮ್ಮಿಯಾದರೆ ಹೊರಳಿಸಿ ಕೊಯ್ಯಬಹುದು. ಕೊಯ್ದ ಸಂದಿ ಮುಚ್ಚಿ ಪಟ್ಟಿ ಹಿಡಿಯದಂತೆ ಒಂದು ಕಟ್ಟಿಗೆ ಬೆಣೆ ಬಡಿದರಾಯಿತು. ಕಬ್ಬಿಣದ ಬೆಣೆ ಬೇಡ, ಚೈನ್ ತಗುಲಿದರೆ ಹಲ್ಲು ಹೋಗುತ್ತದೆ.

ನಾನು ಹೋದ ವರ್ಷ ಮಷಿನ್ ಓಡಿದ ತಾಸು ಬರೆದಿಟ್ಟೆ. ಒಟ್ಟು 31 ತಾಸು. ಅದರಲ್ಲಿ ಪಟ್ಟಿಗಿಂತ ದಪ್ಪ ಮರಕ್ಕೆ ಹೋದದ್ದು ಮೂರು ತಾಸು ಮಾತ್ರ. ಮೂರು ತಾಸಿನ ಕೆಲಸಕ್ಕೆ ದೊಡ್ಡ ಮಷಿನ್ ಸಾಕುವುದು ಅಂದರೆ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಲಿಕ್ಕೆ ಲಾರಿ ಕೊಂಡಂಗ. ನೀವೂ ಒಂದು ವರ್ಷ ಬರೆದಿಡಿ, ಆಮೇಲೆ ಅಂಗಡಿಗೆ ಹೋಗಿ.

ಮಾರ್ಪಾಡು ಮಾಡಿಸಿದರೆ

ಉದ್ದ ಪಟ್ಟಿ ಹಾಕಿದ ಮಾತ್ರಕ್ಕೆ ಇಂಜಿನ್‌ಗೆ ಜೋರು ಬರುವುದಿಲ್ಲ. 45 ಸಿಸಿ ಮಷಿನ್‌ಗೆ 18 ಇಂಚಿನ ಬದಲು 24 ಇಂಚು ಹಾಕಿದಿರಿ ಅನ್ನಿ. ಚೈನ್ ಉದ್ದವಾಯಿತು, ಏಕಕಾಲಕ್ಕೆ ಮರ ಕಚ್ಚುವ ಹಲ್ಲು ಹೆಚ್ಚಾದವು. ಎಳೆಯುವ ಇಂಜಿನ್ ಅದೇ. ಒಣಜಾಲಿಯಲ್ಲಿ ಸ್ವಲ್ಪ ಒತ್ತಿದರೆ ಚೈನ್ ನಿಲ್ಲುತ್ತದೆ, ಒಳಗೆ ಕ್ಲಚ್ ಜಾರಿ ಕಾಯುತ್ತದೆ. ಪಟ್ಟಿಗೆ ಎಣ್ಣೆ ಬಿಡುವ ಪಂಪೂ ಸಣ್ಣ ಪಟ್ಟಿಯ ಲೆಕ್ಕಕ್ಕೇ ಮಾಡಿದ್ದು. ತುದಿಗೆ ಎಣ್ಣೆ ಮುಟ್ಟದೆ ಪಟ್ಟಿ ಸುಟ್ಟು ಕಪ್ಪಾಗುತ್ತದೆ.

ಚೈನ್ ಎಳೆಯುವ ಹಲ್ಲುಗಾಲಿ 7 ಹಲ್ಲಿನದು ತೆಗೆದು 8 ಹಲ್ಲಿನದು ಹಾಕುವವರೂ ಇದ್ದಾರೆ. ಚೈನ್ ನೂರಕ್ಕೆ 14ರಷ್ಟು ಜೋರಾಗಿ ಓಡುತ್ತದೆ, ಖರೆ. ಆದರೆ ಎಳೆಯುವ ಶಕ್ತಿ ಅಷ್ಟೇ ಕಡಿಮೆಯಾಗುತ್ತದೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಜೋರಾಗಿ ಹೋದರೆ ಎತ್ತಿಗೆ ಶಕ್ತಿ ಬಂತು ಅನ್ನಲಾಗದು. ಏರಿನಲ್ಲಿ ಗೊತ್ತಾಗುತ್ತದೆ.

ಸೈಲೆನ್ಸರ್ ಕೊರೆಸುವುದು ಇನ್ನೂ ಕೆಟ್ಟದ್ದು. ಹೊಗೆ ಸಲೀಸಾಗಿ ಹೋದರೆ ಇಂಜಿನ್‌ಗೆ ಸ್ವಲ್ಪ ಜೋರು ಬರುವುದು ಸುಳ್ಳಲ್ಲ. ಆದರೆ ಆಗ ಒಳಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಈ ಮಷಿನ್‌ಗಳಲ್ಲಿ ಪಿಸ್ಟನ್‌ಗೆ ಬೇಕಾದ ಎಣ್ಣೆ ಪೆಟ್ರೋಲ್ ಸಂಗಡವೇ ಹೋಗುವುದು. ಪೆಟ್ರೋಲ್ ಕಡಿಮೆ ಅಂದರೆ ಎಣ್ಣೆಯೂ ಕಡಿಮೆ. ಕಾರ್ಬೊರೇಟರ್ ಸರಿಯಾಗಿ ಕೂಡಿಸದಿದ್ದರೆ ಪಿಸ್ಟನ್ ಹಿಡಿದು ಮಷಿನ್ ತಗಡಿನ ಡಬ್ಬಿಯಾಗುತ್ತದೆ. ಸೈಲೆನ್ಸರ್‌ನಲ್ಲಿ ಕಿಡಿ ತಡೆಯಲು ಸಣ್ಣ ಜಾಳಿಗೆ ಇರುತ್ತದೆ. ಕೊರೆಯುವವರು ಅದನ್ನೂ ಕಿತ್ತೊಗೆಯುತ್ತಾರೆ. ನಾವು ಜಾಲಿ ಕಡಿಯುವುದು ಬೇಸಿಗೆಯಲ್ಲಿ. ಸುತ್ತ ಒಣಹುಲ್ಲು, ತೊಗರಿಕಟ್ಟಿಗೆ, ಪಕ್ಕದಲ್ಲಿ ಮೇವಿನ ಬಣವಿ. ಒಂದು ಕಿಡಿ ಸಾಕು, ದನದ ಒಂದು ವರ್ಷದ ಮೇವು ಹೋಗುತ್ತದೆ.

ದೊಡ್ಡದು ತಂದರೆ

ದಿನಾಲೂ ಗುತ್ತಿಗೆ ಹಿಡಿದು ಮರ ಕೊಯ್ಯುವವನಿಗೆ 60-70 ಸಿಸಿ ಮಷಿನ್ ಬೇಕು. ಅದು ಅವನ ನೇಗಿಲು. ಅವನು ಕೊಂಡುಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ.

ಹೊಲದ ರೈತನ ಕೈಯಲ್ಲಿ ಅದು ಭಾರ. ಪಟ್ಟಿ, ಚೈನ್, ಪೆಟ್ರೋಲ್ ಕೂಡಿ ಏಳೆಂಟು ಕಿಲೋ ತೂಗುತ್ತದೆ. ಜಾಲಿಪೊದೆಯಲ್ಲಿ ಮುಳ್ಳು ತಪ್ಪಿಸಿಕೊಂಡು, ಬಗ್ಗಿ, ಅದನ್ನು ಹಿಡಿದು ನಿಲ್ಲುವುದು ಸುಲಭವಲ್ಲ. ಪಟ್ಟಿಯ ತುದಿಯ ಮೇಲ್ಭಾಗ ಪಕ್ಕದ ಟೊಂಗೆಗೆ ತಗುಲಿದರೆ ಮಷಿನ್ ಹಿಂದಕ್ಕೆ ಹಾರುತ್ತದೆ. ಪಟ್ಟಿ ಉದ್ದವಿದ್ದಷ್ಟೂ ತುದಿ ಕಣ್ಣಿಗೆ ದೂರ. ಪೊದೆಯಲ್ಲಿ ಅದು ಎಲ್ಲಿ ತಗುಲಿತು ಅಂತ ಕಾಣುವುದೇ ಇಲ್ಲ.

ಇನ್ನೊಂದು ಮಾತು. ದೊಡ್ಡ ಮಷಿನ್ ಸುಮ್ಮನೆ ಕೂಡುವುದಿಲ್ಲ. ಕಂತು ಕಟ್ಟಬೇಕಲ್ಲ! ತಂದವನು ಅದಕ್ಕೆ ಕೆಲಸ ಹುಡುಕುತ್ತಾನೆ. ಜಾಲಿಗೆ ಅದು ಬೇಕಿಲ್ಲ. ಹಂಗಾಗಿ ಕಣ್ಣು ಬೀಳುವುದು ಒಡ್ಡಿನ ಮೇಲಿನ ಬೇವು, ಹುಣಸೆ ಮೇಲೆ. ಅಜ್ಜ ಹಚ್ಚಿದ ಬೇವು ಅರ್ಧ ದಿನದಲ್ಲಿ ದಿಮ್ಮಿಯಾಗುತ್ತದೆ. ನಮ್ಮ ಎರೆಹೊಲದಲ್ಲಿ ಮಧ್ಯಾಹ್ನ ಎತ್ತು ಕಟ್ಟಲಿಕ್ಕೆ, ಹೆಣ್ಣಾಳು ಬುತ್ತಿ ಬಿಚ್ಚಲಿಕ್ಕೆ ನೆರಳು ಅಂತ ಇರುವುದು ಆ ಒಂದು ಬೇವು. ಅದು ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಾಯ್ದೆಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಬಳ್ಳಾರಿ ಜಾಲಿಗೆ ವಿನಾಯ್ತಿ ಇದೆ. ಹಾಗಂತ ಎಲ್ಲ ಮರಕ್ಕೂ ಇಲ್ಲ. ಸ್ವಂತ ಹೊಲದ್ದಾದರೂ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಬೇಕು.

ಜೋರು ಕಳೆದದ್ದು ಎಲ್ಲಿ?

ಹಳೇ ಮಷಿನ್ ಕೊಯ್ಯುತ್ತಿಲ್ಲ ಅಂದರೆ ಹೆಚ್ಚಿನ ಸಲ ಇಂಜಿನ್ ತಪ್ಪಲ್ಲ, ಚೈನ್ ಮೊಂಡಾಗಿರುತ್ತದೆ. ಉದುರುವ ಪುಡಿ ನೋಡಿ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೈನ್ ಹರಿತ ಇದೆ. ಹಿಟ್ಟಿನಂತೆ ಬಿದ್ದರೆ ಮೊಂಡ. ಮೊಂಡ ಕುಡುಗೋಲಿಗೆ ದೊಡ್ಡ ಹಿಡಿಕೆ ಹಾಕಿದರೆ ಜೋಳ ಕೊಯ್ಯಲು ಬರುತ್ತದೆಯೇ?

ನಮ್ಮ ಕಡೆ ಚೈನ್ ಬೇಗ ಮೊಂಡಾಗಲು ಕಾರಣ ಮಣ್ಣು. ಜಾಲಿ ಮತ್ತೆ ಚಿಗುರಬಾರದು ಅಂತ ನೆಲಕ್ಕೆ ಹಚ್ಚಿ ಕೊಯ್ಯುತ್ತೇವೆ. ಒಂದು ಸಲ ಮಣ್ಣು ತಗುಲಿದರೆ ಹರಿತ ಹೋಯಿತು. ಅಷ್ಟು ಮಾಡಿದರೂ ಜಾಲಿ ಸಾಯುವುದಿಲ್ಲ, ನೆಲದೊಳಗಿನ ಬುಡದಿಂದ ಚಿಗುರುತ್ತದೆ. ಆದ್ದರಿಂದ ಮಷಿನ್‌ನಿಂದ ಒಂದು ಗೇಣು ಮೇಲೆ ಕೊಯ್ಯಿರಿ. ಬುಡವನ್ನು ಗುದ್ದಲಿ, ಹಾರೆಯಿಂದ ಒಂದು ಅಡಿ ಆಳದವರೆಗೆ ಕಿತ್ತು ತೆಗೆಯಿರಿ. ಕೊಯ್ಯುವ ಜಾಗದ ತೊಗಟೆಗೆ ಮೆತ್ತಿದ ಮಣ್ಣನ್ನು ಮೊದಲು ಕೊಡಲಿಯಿಂದ ಕೆತ್ತಿ ಹಾಕಿರಿ. ಜಾಲಿ ಹಸಿ ಇದ್ದಾಗಲೇ ಕೊಯ್ಯಿರಿ, ಒಣಗಿದರೆ ಕಬ್ಬಿಣ.

ಟಾಕಿ ಪೆಟ್ರೋಲ್ ಖಾಲಿಯಾದಾಗಲೆಲ್ಲ ಗುಂಡು ಅರದಿಂದ ಚೈನ್ ಮಸೆಯಬೇಕು. ಚೈನ್ ಅಳತೆಗೆ ತಕ್ಕ ಅರ ಬೇಕು. 0.325 ಚೈನ್‌ಗೆ 4.8 ಮಿಲಿಮೀಟರ್ ಅರ. ಪ್ರತಿ ಹಲ್ಲಿಗೂ ಒಂದೇ ಓರೆ, ಎಣಿಸಿ ಮೂರು-ನಾಲ್ಕು ಸಲ ಮುಂದಕ್ಕೆ ಮಾತ್ರ. ಹಲ್ಲಿನ ಮುಂದಿನ ಮೊಟಕು ಗೂಟ ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಹೆಚ್ಚು ಕಚ್ಚಲಿ ಅಂತ ಅದನ್ನು ಪೂರಾ ತಿಕ್ಕಿದರೆ ಮಷಿನ್ ಎಗರುತ್ತದೆ. ಎರೆಮಣ್ಣಿನ ಧೂಳಿಗೆ ಗಾಳಿ ಫಿಲ್ಟರ್ ಕಟ್ಟುತ್ತದೆ, ದಿನಾ ಜಾಡಿಸಿ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಪಟ್ಟಿಗೆ ಹಾಕಬೇಡಿ, ಅದರ ಹೊಲಸು ಎಣ್ಣೆ ತೂತು ಮುಚ್ಚುತ್ತದೆ. ಒಂದು ಅರ, ಒಂದು ಹೆಚ್ಚಿನ ಚೈನ್, ಇವೆರಡರ ಖರ್ಚು ಹೊಸ ಮಷಿನ್ ಮುಂದೆ ಏನೂ ಅಲ್ಲ.

ಹಂಗಾದರೆ ದೊಡ್ಡ ಮರಕ್ಕೆ?

ಗಾಳಿಗೆ ದೊಡ್ಡ ಮರ ಬಿದ್ದು ದಾರಿ ಕಟ್ಟಿತು, ಒಣಗಿದ ಮರ ಮನೆ ಮೇಲೆ ವಾಲಿತು. ಇಂಥ ದಿನ ಬರುತ್ತವೆ. ಆಗ ದೊಡ್ಡ ಮಷಿನ್ ಇದ್ದವನನ್ನು ಕೂಲಿಗೆ ಕರೆಯಿರಿ. ಮಷಿನ್ ಮಾತ್ರ ಕಡ ತರಬೇಡಿ, ಮಷಿನ್ ಸಂಗಡ ಅದನ್ನು ಬಲ್ಲವನೂ ಬರಲಿ. ನಾಲ್ಕು ಮಂದಿ ಕೂಡಿ ಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ನಾಲ್ವರ ಮಷಿನ್‌ಗೆ ಅರ ಹಿಡಿಯುವವರು ಯಾರೂ ಇರುವುದಿಲ್ಲ.

ಸರ್ಕಾರ 2014-15ರಲ್ಲಿ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರ ಶುರು ಮಾಡಿತು. ಇಂಥ ಕೇಂದ್ರಗಳಲ್ಲಿ ಒಂದು ದೊಡ್ಡ ಮಷಿನ್, ಅದನ್ನು ನಡೆಸಲು ಕಲಿತ ಒಬ್ಬ ಹುಡುಗ ಇರಬೇಕು. ಗ್ರಾಮಸಭೆಯಲ್ಲಿ ನಾವು ಇದನ್ನು ಕೇಳಬೇಕು. ಒಬ್ಬೊಬ್ಬರೂ ಸಾಲ ಮಾಡಿ ಒಂದೊಂದು ಕೊಳ್ಳುವುದಕ್ಕಿಂತ ಅದು ಮೇಲು.

ಅಲ್ಲಿವರೆಗೆ, ಮಷಿನ್ ಮಾರುವ ಅಥವಾ ಗ್ಯಾರೇಜಿಗೆ ಒಯ್ಯುವ ವಿಚಾರ ಬಂದರೆ ಒಂದು ಹೊಸ ಅರ ತಂದು ಒಂದು ತಾಸು ಕೂತು ಚೈನ್ ಮಸೆಯಿರಿ. ಆಮೇಲೂ ಕೊಯ್ಯದಿದ್ದರೆ ಆಗ ಮಾತಾಡೋಣ.