ರಾಣಿಪುರಂ ಗುಡ್ಡೆ ಹತ್ತುವ ಮುನ್ನ

ಓಣಂ ಇರಲಿ, ನವರಾತ್ರಿ ಇರಲಿ, ಕ್ರಿಸ್ಮಸ್ ಇರಲಿ, ಶಾಲೆಗೆ ನಾಲ್ಕು ದಿನ ರಜೆ ಸಿಕ್ಕಿತೆಂದರೆ ಮಕ್ಕಳದ್ದು ಒಂದೇ ಹಠ: ಎಲ್ಲಿಗಾದರೂ ಹೋಗೋಣ. ಬೇಕಲ ಕೋಟೆ ನೋಡಿಯಾಯಿತು, ಕಡಲ ತೀರವೂ ಆಯಿತು. ಈಗ ಕಾಸರಗೋಡು, ಮಂಜೇಶ್ವರದ ಕಡೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ರಾಣಿಪುರಂ ಕಡೆ ಹೊರಡುತ್ತಿವೆ. ಸುಳ್ಯ, ಮಡಿಕೇರಿಯಿಂದಲೂ ಜನ ಬರುತ್ತಾರೆ. ಟಿವಿ, ಮೊಬೈಲ್ ಬದಿಗಿಟ್ಟು ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕಾಡುದಾರಿಯಲ್ಲಿ ನಡೆಯುವುದು ಸಂತೋಷದ ವಿಷಯವೇ. ಆದರೆ ಗುಡ್ಡೆ ಹತ್ತುವುದೆಂದರೆ ಪಾರ್ಕಿನಲ್ಲಿ ಸುತ್ತಾಡಿದ ಹಾಗಲ್ಲ.

ಪನತ್ತಡಿ ಪಂಚಾಯತಿನ ಈ ಗುಡ್ಡೆಗೆ ಮೊದಲಿದ್ದ ಹೆಸರು ಮಾಡತ್ತುಮಲೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಕೆಳಗೆ ದಟ್ಟ ಕಾಡು, ಮೇಲೆ ಬರೇ ಹುಲ್ಲು. ಕಣಿವೆಯಲ್ಲಿ ಶೋಲಾ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು ಇರುವ ಇಂಥ ಗುಡ್ಡೆಗಳು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ತೋಡು, ಹೊಳೆಗಳಿಗೆ ಬಿಡುತ್ತವೆ. ಇಲ್ಲಿನ ಕಾಡು ಆಚೆ ಕೊಡಗಿನ ತಲಕಾವೇರಿ ಕಾಡಿಗೆ ಸೇರಿಕೊಂಡಿದೆ. ಕಾಸರಗೋಡಿನ ಚಂದ್ರಗಿರಿ ಹೊಳೆ ಹುಟ್ಟುವುದೂ ಕೊಡಗಿನ ಬೆಟ್ಟಗಳಲ್ಲೇ. ಹಾಗಾಗಿ ಇಲ್ಲಿ ಒಂದು ಪ್ಲಾಸ್ಟಿಕ್ ಬಾಟ್ಲಿ ಎಸೆದವನು ಹೊಳೆಯ ತಲೆಗೇ ಕಸ ಸುರಿದಂತೆ.

ರಾಜ್ಯಗಳ ಗಡಿ ಆನೆಗಳಿಗೆ ಗೊತ್ತಿಲ್ಲ. ಅವು ಈಚೆಯೂ ಬರುತ್ತವೆ, ಆಚೆಯೂ ಹೋಗುತ್ತವೆ. ಆನೆಯ ಸುಳಿವು ಸಿಕ್ಕಿದಾಗಲೋ ಮಳೆ ಜೋರಾದಾಗಲೋ ಅರಣ್ಯ ಇಲಾಖೆ ಚಾರಣ ನಿಲ್ಲಿಸಿದರೆ "ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಬಿಡಿ ಮಾರಾಯ್ರೇ" ಎಂದು ಗೇಟಿನ ಬಳಿ ವಾದಕ್ಕೆ ನಿಲ್ಲುವುದು ಸರಿಯಲ್ಲ. ಹೊರಡುವ ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಪೆಟ್ರೋಲೂ ಉಳಿಯುತ್ತದೆ, ಮಕ್ಕಳಿಗೆ ನಿರಾಸೆಯೂ ಆಗುವುದಿಲ್ಲ.

ಉಡಾಫೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಉದಾಹರಣೆ ಬೇಕಾದಷ್ಟಿದೆ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2022ರ ಫೆಬ್ರವರಿಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದಲ್ಲಿ ಬೆಟ್ಟದ ಬಂಡೆ ಸಂದಿಯಲ್ಲಿ ಸಿಕ್ಕಿಬಿದ್ದ ಯುವಕನನ್ನು ಮೇಲೆತ್ತಲು ಸೇನೆಯೇ ಬರಬೇಕಾಯಿತು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಗಾಳಿ ಇದ್ದರೆ ಓಡಿ ತಪ್ಪಿಸಿಕೊಳ್ಳುವುದು ದೊಡ್ಡವರಿಗೇ ಕಷ್ಟ, ಮಕ್ಕಳ ಮಾತು ಬೇರೆ ಹೇಳಬೇಕೇ?

ಮಳೆಗಾಲದ ತಾಪತ್ರಯವೇ ಬೇರೆ. ಹುಲ್ಲು ಜಾರುತ್ತದೆ, ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ದಾರಿ ಕಾಣುವುದಿಲ್ಲ. ಸಿಡಿಲು ಗುಡುಗಿನ ಹೊತ್ತಿಗೆ ಬೋಳು ನೆತ್ತಿಯ ಮೇಲೆ ನಿಲ್ಲುವುದೆಂದರೆ ಅಪಾಯವನ್ನು ಕರೆದಂತೆ. ಜಿಗಣೆ ಕಚ್ಚಿದರೆ ಹೆದರಬೇಕಾಗಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಷ್ಟೇ. ಚಪ್ಪಲಿಯ ಬದಲು ಹಿಡಿತವಿರುವ ಶೂ, ಉದ್ದ ಕಾಲುಚೀಲ, ಕುಡಿಯುವ ನೀರು, ಒಂದು ಟಾರ್ಚ್ ಇದ್ದರೆ ಅರ್ಧ ತೊಂದರೆ ಕಡಿಮೆ. ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನ ಕಳೆದ ಕೂಡಲೇ ಇಳಿಯಬೇಕು. ಮೊಬೈಲಿಗೆ ರೇಂಜ್ ಸಿಕ್ಕೀತೆಂಬ ಧೈರ್ಯ ಬೇಡ, ಮನೆಯಲ್ಲಿ ಉಳಿದವರಿಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳಿ ಹೋಗುವುದು ಒಳ್ಳೆಯದು. ತಂಡದಲ್ಲಿ ಅಜ್ಜಿಯೋ ಸಣ್ಣ ಮಗುವೋ ಇದ್ದರೆ ಅವರ ನಡಿಗೆಯೇ ಎಲ್ಲರ ನಡಿಗೆಯಾಗಬೇಕು. ನೆತ್ತಿ ಮುಟ್ಟಲೇಬೇಕೆಂಬ ಕಾನೂನೇನೂ ಇಲ್ಲ.

ಜವಾಬ್ದಾರಿ ಬಂದವರದ್ದು ಮಾತ್ರವಲ್ಲ, ಅಧಿಕಾರಿಗಳದ್ದೂ ಹೌದು. ರಜಾದಿನ ಒಮ್ಮೆಲೇ ಎಷ್ಟು ಮಂದಿಯನ್ನು ಬಿಡಬಹುದೆಂಬ ಮಿತಿ ಬೇಕು. ಪ್ರಥಮ ಚಿಕಿತ್ಸೆಯ ಏರ್ಪಾಡು, ದಾರಿ ಬಲ್ಲ ಸ್ಥಳೀಯ ಕಾವಲುಗಾರರು, ಶುಚಿಯಾದ ಶೌಚಾಲಯ ಬೇಕು. ಎಚ್ಚರಿಕೆ ಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವೂ ಇರಬೇಕು. ಕನ್ನಡಿಗರು ಇಷ್ಟೊಂದು ಮಂದಿ ಇರುವ ಜಿಲ್ಲೆಯಲ್ಲಿ, ಗಡಿಯಾಚೆಯಿಂದಲೂ ಜನ ಬರುವಲ್ಲಿ ಇದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ. "ಮುಂದೆ ಆನೆ ಇದೆ" ಎಂಬ ಬೋರ್ಡು ಓದಲು ಬಾರದವನಿಗೆ ಅದು ಇದ್ದೂ ಇಲ್ಲದಂತೆ.

ಮಕ್ಕಳಿಗೆ ಕಾಡು ತೋರಿಸಬೇಕು, ನಿಜ. ಕಾಡಿನಲ್ಲಿ ಹೇಗಿರಬೇಕೆಂದು ಕಲಿಸುವುದೂ ಅಷ್ಟೇ ಮುಖ್ಯ. ಅದನ್ನು ಅವರು ಕಲಿಯುವುದು ಯಾವ ಫಲಕದಿಂದಲೂ ಅಲ್ಲ, ಜೊತೆಗೆ ನಡೆಯುವ ಅಪ್ಪ ಅಮ್ಮನನ್ನು ನೋಡಿ. ಬುತ್ತಿಯ ಖಾಲಿ ಪೊಟ್ಟಣವನ್ನು ತಂದೆ ಮಡಚಿ ಚೀಲಕ್ಕೆ ಹಾಕಿಕೊಂಡರೆ ಸಾಕು, ಮಗನೂ ಹಾಗೆಯೇ ಮಾಡುತ್ತಾನೆ.