ಮಗಳು ಏಳು ದಿನ ನೀರಿನ ಮೇಲೆ

ಹೇಮಗಿರಿಯ ದನಗಳ ಜಾತ್ರೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಹೋರಿಗಳನ್ನು ನೋಡುತ್ತ ನಿಂತಿದ್ದೆ. ಪರಿಚಯದ ರೈತರೊಬ್ಬರು ಸಿಕ್ಕರು. ಹೇಮಾವತಿ ದಡದ ಹಳ್ಳಿಯವರು. ಕುಶಲ ವಿಚಾರಿಸಿದ ಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದರು. ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಮಗಳು ಕಳಿಸಿದ ಒಪ್ಪಿಗೆ ಪತ್ರ ಅದು. ಹುಡುಗಿ ಎನ್.ಸಿ.ಸಿ. ನೌಕಾ ವಿಭಾಗದಲ್ಲಿದ್ದಾಳೆ. ರಜೆಯಲ್ಲಿ ಒಂದು ವಾರದ ಹಾಯಿದೋಣಿ ಯಾನಕ್ಕೆ ಆಯ್ಕೆಯಾಗಿದ್ದಾಳೆ. ಪೋಷಕರ ಸಹಿ ಬೇಕು.

“ಏಳು ದಿವ್ಸ ನೀರಿನ ಮೇಲಂತೆ ಸಾ. ಕಳಿಸ್ಲೋ ಬ್ಯಾಡ್ವೋ, ನೀವೇ ಯೋಳಿ” ಎಂದರು.

ಅವರ ಹಿಂಜರಿಕೆಗೆ ಕಾರಣ ನನಗೆ ಗೊತ್ತಿತ್ತು. ಅವರ ತಮ್ಮ ಹತ್ತು ವರ್ಷದವನಿದ್ದಾಗ ಇದೇ ಹೊಳೆಯಲ್ಲಿ ಮುಳುಗಿ ಹೋದ. ಅಂದಿನಿಂದ ಆ ಮನೆಯ ಮಕ್ಕಳು ಹೊಳೆಗೆ ಇಳಿಯುವಂತಿಲ್ಲ. ನಮ್ಮ ಕಡೆ ಇಂಥ ಮನೆಗಳು ಒಂದೆರಡಲ್ಲ. ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಕೂಡುವ ಕಡೆ ಅಂಬಿಗರಹಳ್ಳಿ ಎಂಬ ಊರೇ ಇದೆ. ಆದರೂ ದಡದ ಮಕ್ಕಳಲ್ಲಿ ಈಜು ಬಲ್ಲವರು ಎಷ್ಟು ಜನ? ಪ್ರತಿ ಬೇಸಗೆ ರಜೆಯಲ್ಲೂ ಹೊಳೆ, ಕೆರೆ, ನಾಲೆಗಳಿಂದ ಕೆಟ್ಟ ಸುದ್ದಿ ಬರುತ್ತಲೇ ಇರುತ್ತದೆ. ಕದ್ದು ಹೋಗಿ ನೀರಿಗೆ ಇಳಿಯುವ ಮಗುವಿಗೆ ನಾವು ಕಲಿಸಿರುವುದು ಭಯವನ್ನು ಮಾತ್ರ. ಮುಳುಗುವ ಹೊತ್ತಿನಲ್ಲಿ ಭಯ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಆ ತಂದೆಗೆ ನಾನು ತಕ್ಷಣ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಹಾಯಿದೋಣಿಯಲ್ಲಿ ಒಂದು ವಾರ ಎಂದರೆ ಏನೇನು ಇರುತ್ತದೆ ಎಂಬುದನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದು ಬೃಂದಾವನದ ದೋಣಿವಿಹಾರವಲ್ಲ. ಅಲ್ಲಿ ನಾವು ಟಿಕೆಟ್ ಕೊಂಡು ಕೂರುತ್ತೇವೆ, ಇನ್ನೊಬ್ಬರು ನಡೆಸುತ್ತಾರೆ. ಎನ್.ಸಿ.ಸಿ. ಯಾನಗಳಲ್ಲಿ ಬಳಸುವ ವೇಲರ್ ಎಂಬ ದೋಣಿ ಸುಮಾರು 27 ಅಡಿ ಉದ್ದ. ಹಾಯಿಯೂ ಉಂಟು, ಹುಟ್ಟೂ ಉಂಟು. ಮಲಗಲು ಕೋಣೆಯಿಲ್ಲ, ತಲೆಯ ಮೇಲೆ ಸೂರಿಲ್ಲ. ಗಾಳಿ ಇದ್ದರೆ ಹಾಯಿ ಬಿಚ್ಚಬೇಕು. ಗಾಳಿ ಬಿದ್ದರೆ ಹುಟ್ಟು ಹಾಕಬೇಕು. ಹಾಯಿಯ ಹಗ್ಗ ಒಬ್ಬರ ಕೈಯಲ್ಲಿ, ಚುಕ್ಕಾಣಿ ಇನ್ನೊಬ್ಬರ ಕೈಯಲ್ಲಿ. ಉಳಿದವರು ದೋಣಿ ವಾಲಿದ ಕಡೆಗೆ ಎದುರಾಗಿ ಸರಿದು ಕೂತು ತೂಕ ಸರಿಮಾಡಬೇಕು. ಕೆಲಸವಿಲ್ಲದೆ ಕೂತ ಪ್ರಯಾಣಿಕ ಅಲ್ಲಿ ಯಾರೂ ಇಲ್ಲ. ಸಂಜೆ ಸಾಮಾನ್ಯವಾಗಿ ದಡ ಸೇರಿ ತಂಗುತ್ತಾರೆ. ತಂಗಿದ ಊರಿನಲ್ಲಿ ಕಡಲತೀರ ಶುಚಿ ಮಾಡುವುದು, ಬೀದಿ ನಾಟಕ ಆಡುವುದು ಇಂಥ ಕೆಲಸಗಳೂ ಇರುತ್ತವೆ.

ಎರಡನೆಯದು ಗಾಳಿಯ ಮಾತು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿ ತಿರುಗುತ್ತದೆ. ಭೂಗೋಳದ ಪುಸ್ತಕದಲ್ಲಿ ಎರಡು ಅಂಕಕ್ಕೆ ಓದಿದ ಈ ಪಾಠ ಹಾಯಿದೋಣಿಯಲ್ಲಿ ಮೈಗೆ ತಾಗುತ್ತದೆ. ಗಾಳಿ ಬರುವ ದಿಕ್ಕಿಗೇ ನೇರವಾಗಿ ಹಾಯಿದೋಣಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಬಳುಕಿ ಸಾಗಬೇಕು. ಎದುರಿಗೇ ಕಾಣುವ ಊರನ್ನು ಮುಟ್ಟಲು ಅರ್ಧ ದಿನ ಬೇಕಾದೀತು. ಕಡಲಿನಲ್ಲಿ ವೇಗವನ್ನು ನಾಟ್‌ಗಳಲ್ಲಿ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1852 ಮೀಟರ್. ಮೂರು ನಾಟ್ ಸಿಕ್ಕರೆ ಬಿರುಸಾಗಿ ನಡೆಯುವವನ ವೇಗ ಬಂದಂತಾಯಿತು. ಆತುರಗಾರರಿಗೆ ಇದು ತಕ್ಕ ಸವಾರಿಯಲ್ಲ.

ಮೂರನೆಯದು ವಾಂತಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಹಳ ವರ್ಷಗಳ ಹಿಂದೆ ಕಾರವಾರದಲ್ಲಿ ಉದ್ದಿನ ವಡೆ, ಕಾಫಿ ಮುಗಿಸಿ ಹುರುಪಿನಿಂದ ಹಾಯಿದೋಣಿ ಹತ್ತಿದವನು ನಾನು. ಒಂದು ಗಂಟೆಯಲ್ಲಿ ದೋಣಿಯ ಅಂಚು ಹಿಡಿದು ಬಗ್ಗಿದ್ದೆ. ಮರ್ಯಾದೆಗೆ ಅಂಜಿ ಬಾಯಿ ಬಿಡದೆ ಕೂತಿದ್ದೇ ನಾನು ಮಾಡಿದ ತಪ್ಪು. ಒಳಗಿವಿಯು ಮೈ ತೂಗುತ್ತಿದೆ ಎನ್ನುತ್ತದೆ. ದೋಣಿಯೊಳಗೆ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಜಗಳದ ಫಲ ಹೊಟ್ಟೆಗೆ ತಟ್ಟುತ್ತದೆ. ದೂರದ ದಿಗಂತ ನೋಡುತ್ತ ಕೂತರೆ ಎರಡೂ ರಾಜಿಯಾಗುತ್ತವೆ. ಹೊರಡುವ ಮುಂಚೆ ಎಣ್ಣೆ ಪದಾರ್ಥ ಬೇಡ, ಖಾಲಿ ಹೊಟ್ಟೆಯೂ ಬೇಡ. ವೈದ್ಯರು ಹೇಳಿದ ಮಾತ್ರೆ ಇದ್ದರೆ ದೋಣಿ ಹತ್ತುವ ಮುಂಚೆಯೇ ನುಂಗಬೇಕು. ತಲೆ ಸುತ್ತಿದ ಮೇಲೆ ನುಂಗಿ ಪ್ರಯೋಜನ ಕಡಿಮೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಅಭ್ಯಾಸವಾಗುತ್ತದೆ. ನಾಚಿಕೆ ಬೇಡ, ಪಕ್ಕದವರಿಗೆ ಹೇಳಿ.

ವಿದೇಶದಲ್ಲಿರುವ ನೆಂಟರು ಬೇರೊಂದು ಬಗೆಯ ವಾರಕ್ಕೆ ಕರೆಯುವುದುಂಟು. ಗ್ರೀಸ್, ಕ್ರೊಯೇಷ್ಯಾ ಕಡೆಗಳಲ್ಲಿ ಕಪ್ತಾನನ ಸಮೇತ, ಬೇಕೆಂದರೆ ಅಡುಗೆಯವರ ಸಮೇತ, ಹಾಯಿನೌಕೆಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಇಲ್ಲಿ ಮಲಗಲು ಕಿರುಕೋಣೆ ಇರುತ್ತದೆ. ಒಲೆಯನ್ನು ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ನೌಕೆ ವಾಲಿದರೂ ಪಾತ್ರೆ ವಾಲದು. ಆದರೆ ಸಿಹಿನೀರು ತೊಟ್ಟಿಯಲ್ಲಿರುವಷ್ಟೇ. ಬೋರ್‌ವೆಲ್ ನೀರಿನಂತೆ ಸುರಿದುಕೊಂಡರೆ ಮೂರನೆಯ ದಿನಕ್ಕೆ ಎಲ್ಲರಿಗೂ ಬಾಯಾರಿಕೆ. ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿಲ್ಲ, ಮಡಚುವ ಬಟ್ಟೆಯ ಚೀಲ ಒಯ್ಯಬೇಕು. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು. ದುಡ್ಡು ಕೊಟ್ಟವರೆಂದು ಕಪ್ತಾನನಿಗೆ ದಿಕ್ಕು ಹೇಳುವಂತಿಲ್ಲ. ಗಾಳಿ ಕೆಟ್ಟಿದೆ, ಇವತ್ತು ಹೊರಡುವುದಿಲ್ಲ ಎಂದು ಆತ ಹೇಳಿದರೆ ಅದೇ ಕೊನೆ ಮಾತು.

ವೇಲರ್ ಆಗಲಿ, ಬಾಡಿಗೆಯ ನೌಕೆಯಾಗಲಿ, ಈ ನಿಯಮ ಒಂದೇ. ಅಂಬಿಗನ ಮಾತು ಕೇಳಬೇಕು, ತನ್ನ ಪಾಲಿನ ಹಗ್ಗ ಹಿಡಿದಿರಬೇಕು. ಮನೆಯಲ್ಲಿ ತಟ್ಟೆ ಎತ್ತದ ಮಗ, ಮಗಳು ಅಲ್ಲಿ ಹೇಳಿಸಿಕೊಳ್ಳದೆ ದೋಣಿ ತೊಳೆಯುತ್ತಾರೆ. ತಾನು ಕೈಬಿಟ್ಟರೆ ಇನ್ನೊಬ್ಬ ಬೀಳುತ್ತಾನೆಂಬುದು ಅವರಿಗೆ ಕಣ್ಣಿಗೆ ಕಾಣುತ್ತದೆ. ಏಳು ದಿನದಲ್ಲಿ ಮಕ್ಕಳು ತರುವ ಸಂಪಾದನೆ ಇದು.

“ಕರಾವಳಿ ಮಕ್ಕಳಿಗಾದ್ರೆ ಸರಿ ಸಾ, ನಾವು ಬಯಲುಸೀಮೆಯೋರು” ಎಂದರು ನಮ್ಮ ರೈತರು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಬೆಂಗಳೂರಿನ ಹಲಸೂರು ಕೆರೆಯಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿದೋಣಿ ಕಲಿತಿದ್ದಾರೆ. 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆಗೆ ಹೊರಟರು. 2018ರ ಮೇ 21ರಂದು, 254 ದಿನಗಳ ಮೇಲೆ, ಹಿಂದಿರುಗಿದರು. ಅವರ ನಾಯಕಿ ವರ್ತಿಕಾ ಜೋಶಿ ಉತ್ತರಾಖಂಡದವರು. ಕಡಲಿಗೂ ಆ ನಾಡಿಗೂ ನಮ್ಮ ಹೇಮಗಿರಿಗಿಂತ ದೂರ.

ಇಷ್ಟು ಹೇಳಿದರೂ ಸಹಿ ಹಾಕಿ ಎಂದು ನಾನು ಹೇಳಲಿಲ್ಲ. ಸಹಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಮಗಳಿಗೆ ಈಜು ಬರುತ್ತದೆಯೇ? ಬರುತ್ತದೆ ಎಂದರೆ ಎಷ್ಟು ದೂರ, ಬಟ್ಟೆ ತೊಟ್ಟು ಈಜಬಲ್ಲಳೇ? ದೋಣಿಯಲ್ಲಿರುವಷ್ಟು ಹೊತ್ತೂ ಜೀವರಕ್ಷಕ ಜಾಕೆಟ್ ತೊಡಿಸುತ್ತಾರೆಯೇ, ಅದು ಅವಳ ಅಳತೆಗೆ ಸರಿಯಿದೆಯೇ? ಜೊತೆಗೆ ಮೋಟಾರಿನ ರಕ್ಷಣಾ ದೋಣಿ ಬರುತ್ತದೆಯೇ? ಹವಾಮಾನ ನೋಡಿ ಯಾನ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಹುಡುಗಿಯರ ಜೊತೆ ಮಹಿಳಾ ಅಧಿಕಾರಿ ಇದ್ದಾರೆಯೇ, ರಾತ್ರಿ ತಂಗುವುದು ಎಲ್ಲಿ, ಶೌಚಕ್ಕೆ ಏನು ಏರ್ಪಾಡು? ಆಸ್ತಮಾ, ಮೂರ್ಛೆಯಂಥ ತೊಂದರೆ ಇದ್ದರೆ ಬಚ್ಚಿಡದೆ ತಿಳಿಸಿದ್ದೀರಾ? ಇವಕ್ಕೆ ನೇರ ಉತ್ತರ ಸಿಕ್ಕರೆ ಕಳಿಸಿ. ಯಾರಾದರೂ “ಏನೂ ಆಗೋಲ್ಲ ಬಿಡಿ” ಎಂದಷ್ಟೇ ಹೇಳಿದರೆ ಕಳಿಸಬೇಡಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಅಂಬಿಗ ಇಂಥ ಪ್ರಶ್ನೆ ಕೇಳುವ ತಂದೆತಾಯಿಗಳನ್ನು ಗೌರವಿಸುತ್ತಾನೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಅಪ್ಪ ಅಮ್ಮ ಹೆದರುತ್ತಾರೆಂದು ಸುಳ್ಳು ಹೇಳಿ ಹೋಗಬೇಡಿ. ಈಜು ಬಾರದಿದ್ದರೆ ಈ ವರ್ಷ ಬಿಡಿ. ಕಲಿತು ಮುಂದಿನ ವರ್ಷ ಹೋಗಿ. ಕಡಲು ಎಲ್ಲಿಗೂ ಹೋಗುವುದಿಲ್ಲ.

ರೈತರು ಬಹಳ ಹೊತ್ತು ಹೊಳೆಯ ಕಡೆ ನೋಡುತ್ತ ನಿಂತರು. ಆಮೇಲೆ ಮಗಳಿಗೆ ಫೋನು ಮಾಡಿದರು. “ಈಜು ಬತ್ತದಾ ನಿಂಗೆ?” ಎಂಬುದೇ ಮೊದಲ ಮಾತು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. ಎರಡು ವರ್ಷದ ಹಿಂದೆಯೇ ಕಲಿತಿದ್ದಾಳೆ. ಬೈಯುತ್ತಾರೆಂದು ಮನೆಯಲ್ಲಿ ಹೇಳಿರಲಿಲ್ಲ.

ಅವರು ಬೈಯಲಿಲ್ಲ. ನನ್ನ ಪೆನ್ನು ಕೇಳಿ ಇಸಿದುಕೊಂಡು, ಒಪ್ಪಿಗೆ ಪತ್ರದ ಹಿಂಬದಿಗೆ ನಾನು ಹೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಬರೆದುಕೊಂಡರು. ಸಹಿಯ ಜಾಗ ಇನ್ನೂ ಖಾಲಿ ಇತ್ತು. “ನಾಳೀಕೆ ನಾನೇ ಮಂಗ್ಳೂರಿಗೆ ಹೋಯ್ತೀನಿ ಸಾ. ದೋಣೀನ ಕಣ್ಣಲ್ಲಿ ನೋಡ್ಕಂಡು, ಅಲ್ಲೇ ಸಹಿ ಹಾಕ್ತೀನಿ” ಎಂದರು.